ಬಗ್ಗದ ಬೆನ್ನಿನ ಪ್ರಮಾಣಪತ್ರ

ಸಣ್ಣ ವ್ಯಾಪಾರಿಗಳು ಕಷ್ಟ ಬಂದಾಗ ಕುಗ್ಗುತ್ತಾರೆ ಎಂಬುದು ನಮ್ಮ ಕಚೇರಿ ನೇಮಿಸಿದ ಸಮಿತಿ ಹನ್ನೊಂದು ತಿಂಗಳು ಅಧ್ಯಯನ ನಡೆಸಿ ಕಂಡುಕೊಂಡ ಸತ್ಯ. ವ್ಯವಹಾರ ತಂತ್ರವನ್ನು ಬರೆದಿಟ್ಟುಕೊಂಡವರು ಅಷ್ಟಾಗಿ ಕುಗ್ಗುವುದಿಲ್ಲ ಎಂಬುದು ಅದೇ ಸಮಿತಿ ಕೊನೆಯ ದಿನ, ಊಟಕ್ಕೆ ಏಳುವ ಮುಂಚೆ, ಕಂಡುಕೊಂಡ ಎರಡನೆಯ ಸತ್ಯ. ಈ ಎರಡನ್ನೂ ಸೇರಿಸಿ ಹೊಲಿದು ನಮ್ಮ ಕಚೇರಿ ‘ಸಣ್ಣ ವ್ಯಾಪಾರಿಗಳ ತಂತ್ರಾಧಾರಿತ ಸ್ಥೈರ್ಯ ಯೋಜನೆ’ಯನ್ನು ಜಾರಿಗೆ ತಂದಿತು. ಅದರ ಸುತ್ತೋಲೆ ಬರೆದವನು ನಾನು.

ನಾನು ಈ ಕಚೇರಿಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಗುಮಾಸ್ತ. ನನ್ನ ಭಾಷೆಯ ಬಗ್ಗೆ ಇಲ್ಲಿ ಒಳ್ಳೆಯ ಹೆಸರಿದೆ. ಆ ದಿನ ಸಾಹೇಬರು ಹೇಳಿದ್ದು ಇಷ್ಟೇ: “ಏನೇ ಕಷ್ಟ ಬಂದ್ರೂ ಗಟ್ಟಿಯಾಗಿರ್ಬೇಕು ಅಂತ ಒಂದು ಸಾಲು ಹಾಕಿ.” ಗಟ್ಟಿಯಾಗಿರಬೇಕು ಎಂದು ಬರೆದರೆ ಅದು ಸುತ್ತೋಲೆ ಅನ್ನಿಸುವುದಿಲ್ಲ, ಬೆಂಚು ಕೊಳ್ಳುವ ಟೆಂಡರು ಅನ್ನಿಸುತ್ತದೆ. ಹಾಗಾಗಿ ನಾನು ಬರೆದೆ: ‘ಮಾಲೀಕರು ಎಂತಹ ಪರಿಸ್ಥಿತಿಯಲ್ಲೂ ಬಗ್ಗದೆ, ಜಗ್ಗದೆ, ಕುಗ್ಗದೆ ವ್ಯವಹರಿಸತಕ್ಕದ್ದು.’ ಬರೆದು ಎರಡು ಸಲ ಓದಿಕೊಂಡೆ. ಕಿವಿಗೆ ಹಿತವಾಗಿತ್ತು. ಸಾಹೇಬರೂ ತಲೆದೂಗಿ ಸಹಿ ಹಾಕಿದರು.

ನಮ್ಮ ಕಚೇರಿಯ ನಿಯಮ ಹದಿನಾಲ್ಕರ ಪ್ರಕಾರ, ಸುತ್ತೋಲೆಯಲ್ಲಿ ‘ತಕ್ಕದ್ದು’ ಎಂದು ಬಂದ ಕಡೆಯಲ್ಲೆಲ್ಲ ಅದನ್ನು ಅಳೆಯುವ ವಿಧಾನವನ್ನೂ ಕೊಡಬೇಕು. ಈ ಕೆಲಸಕ್ಕೆ ಒಬ್ಬ ಅಳತೆ ಅಧಿಕಾರಿ ಇದ್ದಾರೆ. ಹಿಂದೆ ಅವರು ಬಟ್ಟೆ ಒಗೆದ ಮೇಲೆ ಎಷ್ಟು ಕುಗ್ಗುತ್ತದೆ ಎಂದು ನೋಡುವ ಪ್ರಯೋಗಾಲಯದಲ್ಲಿದ್ದವರು, ಶುದ್ಧ ಪ್ರಾಮಾಣಿಕರು. ಮರುದಿನ ಬೆಳಿಗ್ಗೆಯೇ ಸುತ್ತೋಲೆ ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದರು.

“ಕುಗ್ಗೋದು ನನಗೆ ಗೊತ್ತು. ಈ ಬಗ್ಗೋದು ಅಂದ್ರೆ ಎಷ್ಟು ಡಿಗ್ರಿ?”

“ಸಾರ್, ಅದು ಸುಮ್ನೆ ಮಾತಿಗೆ ಬರೆದಿದ್ದು.”

“ಮಾತಿಗೆ ಅಂತ ಫೈಲಲ್ಲಿ ಹಾಕೋಕಾಗತ್ತಾ?”

ಹಾಕುವುದಕ್ಕೆ ಆಗುವುದಿಲ್ಲ. ಹೊಡೆದು ಹಾಕಬಹುದಿತ್ತು. ಆದರೆ ಸಹಿಯಾದ ಸುತ್ತೋಲೆಯಿಂದ ಮೂರು ಪದ ತೆಗೆಯಲು ಮೂರು ಟಿಪ್ಪಣಿ ಬರೆಯಬೇಕು. ಅದಕ್ಕಿಂತ ಹೆಚ್ಚಾಗಿ, ಹತ್ತೊಂಬತ್ತು ವರ್ಷಗಳಲ್ಲಿ ನಾನು ಬರೆದ ಅತ್ಯುತ್ತಮ ವಾಕ್ಯ ಅದು. ಅದನ್ನು ಕೈಯಾರೆ ಹೊಡೆದು ಹಾಕಲು ನನಗೆ ಮನಸ್ಸು ಬರಲಿಲ್ಲ. “ನಿಮಗೆ ಸರಿ ಕಂಡಷ್ಟು ಡಿಗ್ರಿ ಇಟ್ಕೊಳ್ಳಿ ಸಾರ್” ಎಂದುಬಿಟ್ಟೆ.

ವಾರದೊಳಗೆ ಅನುಬಂಧ ಸಿದ್ಧವಾಯಿತು. ಮೊದಲನೆಯದು ಬಗ್ಗುವ ಪರೀಕ್ಷೆ: ಬೆಳಿಗ್ಗೆ ಅಂಗಡಿ ತೆರೆದಾಗ ಮಾಲೀಕನ ಬೆನ್ನಿನ ಪಕ್ಕದಲ್ಲಿ ದಾರಕ್ಕೆ ಕಟ್ಟಿದ ತೂಕದ ಗುಂಡು ಇಳಿಬಿಟ್ಟು ಕೋನ ಬರೆದುಕೊಳ್ಳುವುದು, ದಿನವಿಡೀ ಕಾವಲಿದ್ದು ಸಂಜೆಯೊಳಗೆ ಆ ಕೋನ ಬದಲಾಯಿತೇ ಎಂದು ನೋಡುವುದು. ಎರಡನೆಯದು ಜಗ್ಗುವ ಪರೀಕ್ಷೆ: ಇಬ್ಬರು ಜವಾನರು ಮಾಲೀಕನ ಎರಡೂ ಕೈ ಹಿಡಿದು ಎಳೆಯುವುದು. ಮೂರನೆಯದು ಕುಗ್ಗುವ ಪರೀಕ್ಷೆ: ಎತ್ತರ ಅಳೆದು, ಒಂದು ಕೆಟ್ಟ ಸುದ್ದಿಯನ್ನು ಸ್ಪಷ್ಟವಾಗಿ ಓದಿ ಹೇಳಿ, ಮತ್ತೆ ಎತ್ತರ ಅಳೆಯುವುದು. ಕೆಟ್ಟ ಸುದ್ದಿಯನ್ನು ಕಚೇರಿಯೇ ಒದಗಿಸುತ್ತದೆ. ಮೂರರಲ್ಲೂ ಪಾಸಾದವರಿಗೆ ಸ್ಥೈರ್ಯ ಪ್ರಮಾಣಪತ್ರ. ಅದಿಲ್ಲದವರಿಗೆ ಅಂಗಡಿ ಪರವಾನಗಿ ಮುಂದುವರಿಯುವುದಿಲ್ಲ. ಅದಿದ್ದವರು ಮಾರುಕಟ್ಟೆ ಕಟ್ಟಡದಲ್ಲಿ ಖಾಲಿ ಬಿದ್ದಿರುವ ಅಂಗಡಿಗೂ ಅರ್ಜಿ ಹಾಕಬಹುದು.

ಈ ಕೊನೆಯ ಮಾತು ಕೇಳಿ ಕುಣಿದಾಡಿದವಳು ನನ್ನ ಅಕ್ಕ.

ಅಕ್ಕನ ಗಂಡ, ಅಂದರೆ ನನ್ನ ಭಾವ, ಅದೇ ಕಟ್ಟಡದಲ್ಲಿ ಗಡಿಯಾರ ರಿಪೇರಿ ಮಾಡುತ್ತಾರೆ. ಅವರ ಅಂಗಡಿ ಮೆಟ್ಟಿಲ ಕೆಳಗಿತ್ತು. ಬಾಗಿಲ ಹತ್ತಿರ ನಾಲ್ಕೂವರೆ ಅಡಿ ಎತ್ತರ, ಹಿಂದಕ್ಕೆ ಹೋದಂತೆ ಇಳಿದು ಇಳಿದು ಮೊಣಕಾಲಿಗೆ ಬರುತ್ತಿತ್ತು. ಅಲ್ಲಿ ಇಪ್ಪತ್ತೆರಡು ವರ್ಷ ಕೂತು ಕೂತು ಭಾವನ ಬೆನ್ನು ಮೆಟ್ಟಿಲಿನ ಇಳಿಜಾರನ್ನು ಹಾಗೇ ಕಲಿತುಬಿಟ್ಟಿತ್ತು. ಬೀದಿಯಲ್ಲಿ ನಡೆಯುವಾಗಲೂ ಏನೋ ಬೀಳಿಸಿಕೊಂಡು ಹುಡುಕುತ್ತಿರುವವರ ಹಾಗೆ ಕಾಣುತ್ತಿದ್ದರು. ಮೂಳೆ ವೈದ್ಯರು ಖಂಡಿತವಾಗಿ ಹೇಳಿದ್ದರು: ಎತ್ತರದ ಅಂಗಡಿಗೆ ಹೋಗಿ, ನೆಟ್ಟಗೆ ಕೂತು, ಹೇಳಿದ ವ್ಯಾಯಾಮ ಮಾಡಿದರೆ ಈ ವರ್ಷದೊಳಗೆ ಬೆನ್ನು ಸರಿಹೋಗುತ್ತದೆ, ವರ್ಷ ದಾಟಿದರೆ ತಮ್ಮ ಕೈಯಲ್ಲಿ ಇಲ್ಲ. ಕಟ್ಟಡದ ಮೂಲೆಯಲ್ಲಿ ಹನ್ನೆರಡನೇ ನಂಬರ್ ಅಂಗಡಿ ಖಾಲಿ ಇತ್ತು. ಹತ್ತು ಅಡಿ ಎತ್ತರ, ಪೂರ್ವಕ್ಕೆ ಕಿಟಕಿ. ಅಕ್ಕ ದಿನಕ್ಕೊಂದು ಸಲ ಹೋಗಿ ಆ ಕಿಟಕಿಯ ಧೂಳು ಒರೆಸಿ ಬರುತ್ತಿದ್ದಳು.

ಮೊದಲು ವ್ಯವಹಾರ ತಂತ್ರವನ್ನು ಮೂರು ಪ್ರತಿಯಲ್ಲಿ ಸಲ್ಲಿಸಬೇಕಿತ್ತು. ಭಾವ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆದು ನನ್ನನ್ನು ಕೇಳಿದರು.

“ತಂತ್ರ ಅಂದ್ರೆ ಏನಯ್ಯ ಬರೀಬೇಕು?”

“ನೀವು ದಿನಾ ಏನು ಮಾಡ್ತೀರೋ ಅದನ್ನೇ ಬರೀರಿ ಭಾವ.”

ಅವರು ಬರೆದರು: ‘ಗಿರಾಕಿ ಬಂದರೆ ರಿಪೇರಿ ಮಾಡುತ್ತೇನೆ. ಬರದಿದ್ದರೆ ಕಾಯುತ್ತೇನೆ.’

ಕಚೇರಿಯಿಂದ ಆಕ್ಷೇಪಣೆ ಹೋಯಿತು. ‘ಕಾಯುತ್ತೇನೆ ಎಂಬುದರ ಅವಧಿ ನಮೂದಿಸಿಲ್ಲ. ಕಾಯುವಿಕೆಯ ಗುರಿಯೇನು, ಕಳೆದ ವರ್ಷಕ್ಕಿಂತ ಈ ವರ್ಷ ಕಾಯುವಿಕೆಯಲ್ಲಿ ಎಷ್ಟು ಪ್ರಗತಿ ಸಾಧಿಸಲಾಗಿದೆ ಎಂಬುದನ್ನು ತಿಳಿಸುವುದು.’ ಆಕ್ಷೇಪಣೆ ಬರೆದವನೂ ನಾನೇ, ಸಂಜೆ ಹೋಗಿ ಅದಕ್ಕೆ ಉತ್ತರ ಬರೆದುಕೊಟ್ಟವನೂ ನಾನೇ. ‘ಗಿರಾಕಿ ಕೇಂದ್ರಿತ ದೀರ್ಘಾವಧಿ ನಿರೀಕ್ಷಣಾ ತಂತ್ರ’ ಎಂದು ತಲೆಬರಹ ಕೊಟ್ಟು ಎಂಟು ಪುಟ ಎಳೆದೆ. ಸಾಹೇಬರು ಅಂಚಿನಲ್ಲಿ ‘ಉತ್ತಮ’ ಎಂದು ಬರೆದರು. ಭಾವ ಆ ಎಂಟು ಪುಟವನ್ನು ಪೂರ್ತಿ ಓದಿ, “ಇಷ್ಟೆಲ್ಲಾ ನಾನು ಮಾಡ್ತಾ ಇದ್ದೀನಾ?” ಎಂದು ಸ್ವಲ್ಪ ಹೆದರಿದರು.

ಪರೀಕ್ಷೆಯ ದಿನ ಹತ್ತಿರ ಬಂದಂತೆ ಮಾರುಕಟ್ಟೆಯಲ್ಲಿ ಮಾಲೀಕರೆಲ್ಲ ಬಗ್ಗುವುದನ್ನು ಬಿಟ್ಟರು. ಕಂಬಗಳ ಹಾಗೆ ನಿಂತು ವ್ಯಾಪಾರ ಮಾಡುವುದನ್ನು ರೂಢಿಸಿಕೊಂಡರು. ನೆಲಕ್ಕೆ ಬಿದ್ದ ಚಿಲ್ಲರೆ ನೆಲದಲ್ಲೇ ಉಳಿಯಿತು. ಪಾತ್ರೆ ಅಂಗಡಿಯವರು ತಮ್ಮ ತಂತ್ರವನ್ನು ತಿದ್ದಿ ‘ಸೊಂಟದ ಮೇಲಿನ ವ್ಯಾಪಾರ’ ಎಂದು ಮಾಡಿಕೊಂಡರು. ಕೆಳಗಿನ ಮೂರು ಸಾಲಿನ ಪಾತ್ರೆಗಳು ಕಣ್ಣಿಗೆ ಕಾಣುತ್ತಿದ್ದರೂ ಅವು ಮಾರಾಟಕ್ಕಿಲ್ಲ. ಚಪ್ಪಲಿ ಅಂಗಡಿಯವರು ಗಿರಾಕಿಗಳನ್ನು ಏಣಿ ಹತ್ತಿಸಿ, ಪಾದ ತಮ್ಮ ಎದೆಯ ಮಟ್ಟಕ್ಕೆ ಬಂದ ಮೇಲೆ ಅಳತೆ ತೆಗೆದುಕೊಂಡರು. ಬೀಗ ಮತ್ತು ಕೀಲಿ ಮಾರುವ ಹೆಂಗಸೊಬ್ಬರಿದ್ದಾರೆ, ಎಲ್ಲರೂ ಬೀಗದಮ್ಮ ಎನ್ನುತ್ತಾರೆ. ಅವರು ಜಗ್ಗುವ ಪರೀಕ್ಷೆಗೆಂದು ತಮ್ಮನ್ನು ಸರಪಳಿಯಿಂದ ಗಲ್ಲಾಪೆಟ್ಟಿಗೆಗೆ ಬಿಗಿದುಕೊಂಡು, ತಮ್ಮದೇ ಅಂಗಡಿಯ ದೊಡ್ಡ ಬೀಗ ಜಡಿದುಕೊಂಡರು. ಜವಾನರು ಎಳೆದಾಗ ಗಲ್ಲಾಪೆಟ್ಟಿಗೆ ಸಮೇತ ಬೀದಿಗೆ ಬಂದರು. ‘ಮಾಲೀಕರು ಗಲ್ಲಾಪೆಟ್ಟಿಗೆಯಿಂದ ಜಗ್ಗಲಿಲ್ಲ’ ಎಂದು ದಾಖಲಿಸಿ ಅವರನ್ನು ಪಾಸು ಮಾಡಲಾಯಿತು.

ಕನ್ನಡಿ ಅಂಗಡಿಯವರ ಪಾಡು ಮಾತ್ರ ಬೇರೆಯಾಯಿತು. ಅಳತೆ ಅಧಿಕಾರಿ ಅವರಿಗೆ ಕೆಟ್ಟ ಸುದ್ದಿ ಓದಿದರು: “ನಿಮ್ಮ ಅಂಗಡಿಯ ಎದುರಿಗೆ ದೊಡ್ಡ ಮಳಿಗೆಯೊಂದು ಬರಲಿದೆ.” ಅದಕ್ಕಿಂತ ಭಯಂಕರವಾದುದನ್ನು ನಿರೀಕ್ಷಿಸಿದ್ದ ಅವರು, “ಓ, ಇಷ್ಟೇನಾ!” ಎಂದು ನಿಟ್ಟುಸಿರು ಬಿಟ್ಟು ಬೆನ್ನು ನೆಟ್ಟಗೆ ಮಾಡಿದರು. ಎತ್ತರ ಅರ್ಧ ಬೆರಳು ಹೆಚ್ಚಾಯಿತು. ನಮೂನೆಯಲ್ಲಿ ಹೆಚ್ಚಾಗುವುದಕ್ಕೆ ಅಂಕಣವೇ ಇರಲಿಲ್ಲ. ‘ಮೂಲ ಅಳತೆಯಿಂದ ವ್ಯತ್ಯಾಸ ಕಂಡುಬಂದಿದೆ’ ಎಂದು ಅವರನ್ನು ಫೇಲು ಮಾಡಲಾಯಿತು.

ಆ ತಿಂಗಳು ಮಾರುಕಟ್ಟೆಯಲ್ಲಿ ವ್ಯಾಪಾರ ಅರ್ಧಕ್ಕರ್ಧ ಇಳಿಯಿತು. ನಾನು ಈ ವಿಷಯವನ್ನು ಹಿಂಜರಿಯುತ್ತಲೇ ಸಾಹೇಬರ ಗಮನಕ್ಕೆ ತಂದೆ. ಅವರ ಮುಖ ಅರಳಿತು.

“ಇದಕ್ಕಿಂತ ಸಾಕ್ಷಿ ಬೇಕೇನ್ರೀ? ವ್ಯಾಪಾರವೇ ಇಲ್ಲ, ಆದ್ರೂ ನಿಂತಿದ್ದಾರೆ! ತಂತ್ರ ಇಲ್ದಿದ್ರೆ ಇಷ್ಟೊತ್ತಿಗೆ ಕೂತುಬಿಡೋರು. ಬರೀರಿ, ಬರೀರಿ.”

ಬರೆದೆ.

ಭಾವನ ಪರೀಕ್ಷೆಯ ದಿನ ನಾನು ದಾಖಲೆ ಬರೆಯಲು ಹೋಗಿದ್ದೆ. ಅಕ್ಕ ಎದುರಿನ ಗೋಡೆಗೆ ಒರಗಿ ನಿಂತಿದ್ದಳು. ಬೆನ್ನು ಹಾಗಿರುವ ಮನುಷ್ಯ ಬಗ್ಗುವ ಪರೀಕ್ಷೆಯಲ್ಲಿ ಪಾಸಾಗುವುದುಂಟೇ? ಪಾಸಾಗದಿದ್ದರೆ ಹನ್ನೆರಡನೇ ನಂಬರ್ ಹೋಗಲಿ, ಇರುವ ಮೆಟ್ಟಿಲೂ ಹೋಗುತ್ತಿತ್ತು. ನನ್ನ ಆ ಮೂರು ಪದಗಳನ್ನು ನಾನೇ ಮನಸ್ಸಿನಲ್ಲಿ ಶಪಿಸಿಕೊಂಡೆ.

ಅಳತೆ ಅಧಿಕಾರಿ ತೆವಳಿಕೊಂಡು ಒಳಗೆ ಹೋಗಿ, ತಲೆಯನ್ನು ಎರಡು ಸಲ ಚಚ್ಚಿಸಿಕೊಂಡು, ಗುಂಡು ಇಳಿಬಿಟ್ಟರು. ಮೂವತ್ತೆಂಟು ಡಿಗ್ರಿ. ಭಾವ ಎಂದಿನಂತೆ ಚಿಮಟ ಹಿಡಿದು ಕೆಲಸಕ್ಕೆ ಕೂತರು. ಹನ್ನೊಂದು ಗಂಟೆಗೆ ಮೂವತ್ತೆಂಟು. ಊಟದ ಹೊತ್ತಿಗೆ ಮೂವತ್ತೆಂಟು. ಗೋಡೆ ಗಡಿಯಾರ ತಂದವರೊಬ್ಬರು ಕೂಲಿ ಕಡಿಮೆ ಮಾಡಿ ಎಂದು ಕಾಲು ಗಂಟೆ ಚೌಕಾಸಿ ಮಾಡಿದಾಗಲೂ ಮೂವತ್ತೆಂಟು. ಚಕ್ರವೊಂದು ಕೆಳಗೆ ಉರುಳಿತು. ಭಾವ ಬಗ್ಗಲಿಲ್ಲ, ಕೈ ಚಾಚಿದರು, ಸಿಕ್ಕಿತು. ಅವರ ಕೈ ನೆಲಕ್ಕೆ ಮೊದಲೇ ಹತ್ತಿರವಿತ್ತು. ಸಂಜೆ ಐದಕ್ಕೆ ಮೂವತ್ತೆಂಟು.

“ಪೂರ್ತಿ ಅಂಕ” ಎಂದರು ಅಳತೆ ಅಧಿಕಾರಿ. ಅವರ ಕಣ್ಣಿನಲ್ಲಿ ನೀರಿತ್ತು. “ಬಗ್ಗಲೇ ಇಲ್ಲ!”

“ಸಾರ್, ಅವರು ಮೊದಲೇ ಬಗ್ಗಿದ್ದಾರಲ್ಲ” ಎಂದು ನನ್ನ ಬಾಯಿಂದ ಜಾರಿಹೋಯಿತು.

“ಬಗ್ಗಿರೋದು ಬೇರೆ, ಬಗ್ಗೋದು ಬೇರೆ. ನಿಮ್ಮ ಸುತ್ತೋಲೆ ನಿಷೇಧ ಮಾಡಿರೋದು ಬಗ್ಗೋದನ್ನ. ವ್ಯಾಕರಣ ಗೊತ್ತಿರೋ ನೀವೇ ಹೀಗಂದ್ರೆ ಹೇಗ್ರೀ?”

ಮಾತು ಸರಿಯಾಗಿತ್ತು. ಜಗ್ಗುವ ಪರೀಕ್ಷೆಗೆ ಇಬ್ಬರು ಜವಾನರು ಒಟ್ಟಿಗೆ ಒಳಗೆ ಹಿಡಿಸಲಿಲ್ಲವಾದ್ದರಿಂದ ಭಾವ ಜಗ್ಗಲಿಲ್ಲ. ಕುಗ್ಗುವ ಪರೀಕ್ಷೆಯಲ್ಲಿ ಎದುರಿಗೆ ದೊಡ್ಡ ಮಳಿಗೆ ಬರಲಿದೆ ಎಂದು ಓದಿದಾಗ, “ಎದುರಿಗೆ ಗೋಡೆ ಇದೆಯಲ್ಲ ಸಾರ್” ಎಂದು ಹೇಳಿ ಮುಳ್ಳು ಕೂರಿಸುವುದನ್ನು ಮುಂದುವರಿಸಿದರು. ಇಡೀ ಮಾರುಕಟ್ಟೆಗೆ ಭಾವನೇ ಮೊದಲು. ಅಕ್ಕ ಸೀರೆಯ ಸೆರಗು ಬಾಯಿಗಿಟ್ಟುಕೊಂಡು ಅತ್ತಳು, ಆಮೇಲೆ ನಕ್ಕಳು. ಮರುವಾರವೇ ಹನ್ನೆರಡನೇ ನಂಬರ್ ಅಂಗಡಿ ಅವರ ಹೆಸರಿಗಾಯಿತು. ಮೆಟ್ಟಿಲ ಕೆಳಗಿನ ಜಾಗವನ್ನು ಫೇಲಾದ ಕನ್ನಡಿ ಅಂಗಡಿಯವರು, ಮರುಪರೀಕ್ಷೆಗೆ ಅವಕಾಶ ಪಡೆದು, ಅಷ್ಟರಲ್ಲಿ ಸುಧಾರಿಸಿಕೊಳ್ಳುವ ಸಲುವಾಗಿ, ಕೇಳಿ ಪಡೆದುಕೊಂಡರು.

ಹನ್ನೆರಡನೇ ನಂಬರಿನಲ್ಲಿ ಭಾವ ಎತ್ತರದ ಕುರ್ಚಿಯ ಮೇಲೆ ಕೂತು ಕೆಲಸ ಮಾಡಿದರು. ಬೆಳಿಗ್ಗೆ ಸಂಜೆ ವೈದ್ಯರ ವ್ಯಾಯಾಮ ಮಾಡಿದರು. ಆರು ವಾರಕ್ಕೆ ಎದುರಿನ ಗೋಡೆಯ ಮೇಲಿನ ಗಡಿಯಾರಗಳನ್ನು ಕತ್ತು ತಿರುಚದೆ ನೋಡುವಂತಾದರು. ಒಂದು ದಿನ ನನ್ನ ಮುಖ ನೋಡಿ, “ಏನಯ್ಯ, ನಿನ್ನ ಕೂದಲು ಇಷ್ಟು ಉದುರಿದೆಯಾ?” ಎಂದರು. ನನಗೆ ಎಷ್ಟು ಸಂತೋಷವಾಯಿತೆಂದು ಹೇಳಲಾರೆ.

ಆ ವಾರವೇ ತಪಾಸಣೆ ಬಂತು. ಕೋನ ಮೂವತ್ತೈದು.

ಪ್ರಮಾಣಪತ್ರದ ಏಳನೆಯ ಷರತ್ತು ಸ್ಪಷ್ಟವಾಗಿದೆ. ಪರೀಕ್ಷೆಯ ದಿನ ನಮೂದಾದ ಕೋನವನ್ನು ಮಾಲೀಕರು ಪರವಾನಗಿಯ ಅವಧಿಯುದ್ದಕ್ಕೂ ಕಾಯ್ದುಕೊಳ್ಳತಕ್ಕದ್ದು. ‘ಮೂರು ಡಿಗ್ರಿಗಳಷ್ಟು ಸ್ಥೈರ್ಯ ಕುಸಿದಿರುವುದಕ್ಕೆ ಏಳು ದಿನಗಳೊಳಗೆ ಸಮಜಾಯಿಷಿ ನೀಡುವುದು’ ಎಂಬ ನೋಟಿಸನ್ನು ನಾನೇ ಬರೆದು, ನಾನೇ ತೆಗೆದುಕೊಂಡು ಹೋಗಿ ಕೊಟ್ಟೆ. ಅಕ್ಕ ಅದನ್ನು ಕೈಯಲ್ಲಿ ಹಿಡಿದುಕೊಂಡು ನೇರವಾಗಿ ಸಾಹೇಬರ ಕೊಠಡಿಗೆ ಬಂದಳು.

“ಸಾರ್, ಅವರು ನೆಟ್ಟಗಾಗ್ತಾ ಇದ್ದಾರೆ.”

“ಅದೇ ಅಮ್ಮ ತೊಂದರೆ ಆಗಿರೋದು. ಕೂತ್ಕೊಳ್ಳಿ.”

“ಡಾಕ್ಟ್ರು ಹೇಳಿದ್ದಾರೆ, ಈ ವರ್ಷ ಬಿಟ್ರೆ ಮತ್ತೆ ಆಗಲ್ಲ ಅಂತ.”

“ಡಾಕ್ಟ್ರು ಬೆನ್ನು ನೋಡ್ತಾರೆ. ನಾವು ಸ್ಥೈರ್ಯ ನೋಡ್ತೀವಿ. ಇವತ್ತು ಮೂರು ಡಿಗ್ರಿ ಬದಲಾದವರು ನಾಳೆ ಒಂದು ದೊಡ್ಡ ನಷ್ಟ ಬಂದ್ರೆ ಎಷ್ಟು ಬದಲಾಗಬಹುದು, ನೀವೇ ಹೇಳಿ.”

“ಪ್ರಮಾಣಪತ್ರ ವಾಪಸ್ ಕೊಟ್ರೆ?”

“ಅಂಗಡಿ ವಾಪಸ್ ಆಗತ್ತೆ. ಹಳೇ ಅಂಗಡಿ ಕನ್ನಡಿಯವರಿಗೆ ಕೊಟ್ಟಾಯ್ತು.”

ಅಕ್ಕ ನನ್ನ ಕಡೆ ತಿರುಗಿದಳು. “ನೀನಾದ್ರೂ ಹೇಳೋ. ಈ ಮಾತು ಬರೆದಿದ್ದು ನೀನೇ ತಾನೆ?”

ನಾನು ಹೇಳಬಹುದಿತ್ತು. ಅದು ಬರೀ ಮಾತು, ಬೆನ್ನಿಗೂ ಅದಕ್ಕೂ ಸಂಬಂಧವಿಲ್ಲ, ಕಿವಿಗೆ ಹಿತವೆಂದು ಬರೆದೆ ಎಂದು ಸಾಹೇಬರ ಎದುರಿಗೆ ಹೇಳಬಹುದಿತ್ತು. ಅಷ್ಟು ಹೊತ್ತಿಗೆ ಯೋಜನೆ ನಾಲ್ಕು ಮಾರುಕಟ್ಟೆಗಳಿಗೆ ವಿಸ್ತರಣೆಯಾಗಿತ್ತು, ನನ್ನ ಬಡ್ತಿಯ ಕಡತ ಅದೇ ಮೇಜಿನ ಮೇಲಿತ್ತು. “ಸಾಹೇಬ್ರು ಏನಾದ್ರೂ ದಾರಿ ಮಾಡ್ತಾರೆ ಅಕ್ಕ” ಎಂದೆ. ಹಾಗೆ ಹೇಳಿದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಿದೆ.

ಸಾಹೇಬರು ದಾರಿ ಮಾಡಿದರು. ಅವರು ಕಲ್ಲು ಹೃದಯದವರಲ್ಲ. ಮಾದರಿ ಮಾಲೀಕರೊಬ್ಬರ ಸ್ಥೈರ್ಯ ಎತ್ತರದ ಅಂಗಡಿಯಿಂದಾಗಿ ಹಾಳಾಗಬಾರದೆಂದು, ಹನ್ನೆರಡನೇ ನಂಬರಿನೊಳಗೆ ಕಚೇರಿಯ ಖರ್ಚಿನಲ್ಲಿ ಒಂದು ಮೆಟ್ಟಿಲು ಕಟ್ಟಿಸಿಕೊಡಲು ಆದೇಶಿಸಿದರು. ಹಳೆಯದರ ಅಳತೆಯನ್ನೇ ಹಿಡಿದು ಕಟ್ಟಲಾಯಿತು. ಹದಿನೇಳು ಮೆಟ್ಟಿಲು, ಕೈ ಹಿಡಿಯುವ ಕಂಬಿ ಸಮೇತ. ಮೇಲೆ ಹೋಗಿ ಗೋಡೆಗೆ ಮುಟ್ಟುತ್ತದೆ. ಭಾವನ ಮೇಜನ್ನು ಅದರ ಕೆಳಗೆ ಹಾಕಲಾಯಿತು. ಎಂಟೇ ದಿನಕ್ಕೆ ಕೋನ ಮೂವತ್ತೆಂಟಕ್ಕೆ ಮರಳಿತು. ಅಳತೆ ಅಧಿಕಾರಿ ಸ್ವಂತ ಖರ್ಚಿನಲ್ಲಿ ಹೂಗುಚ್ಛ ತಂದುಕೊಟ್ಟರು.

“ಇರ್ಲಿ ಬಿಡೇ” ಎಂದು ಭಾವ ಅಕ್ಕನಿಗೆ ಹೇಳಿದರು. “ಇಪ್ಪತ್ತೆರಡು ವರ್ಷ ಇದ್ದೋನಿಗೆ ಇನ್ನು ಸ್ವಲ್ಪ ದಿನ ಕಷ್ಟನಾ? ಅಂಗಡಿ ಇದೆಯಲ್ಲ.”

“ನಿಮಗೆ ಸಿಟ್ಟೇ ಬರಲ್ವೇನ್ರೀ?”

“ಬರತ್ತೆ. ಬಂದ್ರೆ ಎದ್ದು ನಿಲ್ಲಬೇಕು ಅನ್ಸತ್ತೆ, ನಿಂತ್ರೆ ಮೆಟ್ಟಿಲು ತಲೆಗೆ ಹೊಡಿಯತ್ತೆ.”

ಮೆಟ್ಟಿಲಿನ ಖ್ಯಾತಿ ಹಬ್ಬಿತು. ಪಾತ್ರೆಯವರು, ಚಪ್ಪಲಿಯವರು, ಬೀಗದಮ್ಮ, ಎಲ್ಲರೂ ಮುಂದಿನ ಪರವಾನಗಿಯ ಪರೀಕ್ಷೆಗೆಂದು ತಮ್ಮ ತಮ್ಮ ಅಂಗಡಿಯೊಳಗೆ ಮೆಟ್ಟಿಲು ಕಟ್ಟಿಸಿಕೊಡಬೇಕೆಂದು ಅರ್ಜಿ ಹಾಕಿದರು. ಒಂದು ಸಲ ಬಗ್ಗಿ ಕೂತರೆ ಆಮೇಲೆ ಬಗ್ಗುವ ಪ್ರಮೇಯವೇ ಬರುವುದಿಲ್ಲ ಎಂಬ ತಂತ್ರ ಎಲ್ಲರಿಗೂ ಮನದಟ್ಟಾಯಿತು. “ಈಗ ಬಿದ್ದ ಚಿಲ್ಲರೇನೂ ಎತ್ಕೋಬಹುದು ನೋಡಿ” ಎಂದರು ಬೀಗದಮ್ಮ ತೃಪ್ತಿಯಿಂದ. ಅರವತ್ತೊಂದು ಅಂಗಡಿಗಳಲ್ಲಿ ಅರವತ್ತೊಂದು ಮೆಟ್ಟಿಲುಗಳಾದವು. ಗಿರಾಕಿಗಳು ಮೊದಮೊದಲು ಗೊಣಗಿದರು, ಆಮೇಲೆ ತಾವೂ ಬಾಗಿ ಮಾತಾಡುವುದನ್ನು ಕಲಿತರು. ನನಗೆ ಬಡ್ತಿ ಸಿಕ್ಕಿತು.

ಅಕ್ಕ ನನ್ನ ಜೊತೆ ಮಾತು ಬಿಟ್ಟಳು. ವರ್ಷ ಕಳೆಯಿತು. ಒಂದು ದಿನ ಅಂಚೆಯಲ್ಲಿ, ಮೂರು ಪ್ರತಿಗಳಲ್ಲಿ, ಅವಳ ಅರ್ಜಿ ಬಂತು. ಅಕ್ಷರ ಅವಳದೇ, ಭಾಷೆ ಮಾತ್ರ ನನ್ನದರ ಹಾಗಿತ್ತು. ‘ಸದರಿ ಮಾಲೀಕರ ಪತ್ನಿಯಾದ ನಾನು, ನಿಂತುಕೊಂಡು ಅವರ ಮುಖವನ್ನು ನೋಡುವ ಸಲುವಾಗಿ, ವಾರಕ್ಕೊಂದು ಗಂಟೆಯ ಕಾಲ ಮನೆಯಲ್ಲಿ ಅವರು ನೆಟ್ಟಗೆ ನಿಲ್ಲಲು ಅನುಮತಿ ನೀಡಬೇಕಾಗಿ ಪ್ರಾರ್ಥನೆ.’ ಅದನ್ನು ಓದಿ ನನಗೆ ಕೂತಲ್ಲೇ ಅಳು ಬಂತು. ಆಮೇಲೆ ಕಣ್ಣೊರೆಸಿಕೊಂಡು ಟಿಪ್ಪಣಿ ಬರೆದು ಮೇಲಕ್ಕೆ ಕಳಿಸಿದೆ.

ಸಾಹೇಬರು ಸಹಾನುಭೂತಿಯಿಂದ ಪರಿಶೀಲಿಸಿದರು. ವಾರಕ್ಕೊಂದು ಗಂಟೆ ಹೆಚ್ಚಾಯಿತೆಂದು ವರ್ಷಕ್ಕೊಮ್ಮೆ ಕಾಲು ಗಂಟೆ ಮಂಜೂರು ಮಾಡಿದರು, ಅಳತೆ ಅಧಿಕಾರಿಯ ಸಮಕ್ಷಮದಲ್ಲಿ.

ಕಳೆದ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ನಾನು, ಅಳತೆ ಅಧಿಕಾರಿ, ಇಬ್ಬರು ಜವಾನರು ಅಕ್ಕನ ಮನೆಗೆ ಹೋದೆವು. ನಡುಮನೆಯ ಸಾಮಾನೆಲ್ಲ ಪಕ್ಕಕ್ಕೆ ಸರಿಸಿ ಜಾಗ ಮಾಡಿದ್ದಳು. ಭಾವನಿಗೆ ಇಸ್ತ್ರಿ ಅಂಗಿ ತೊಡಿಸಿದ್ದಳು. ಅಳತೆ ಅಧಿಕಾರಿ ಗುಂಡು ಇಳಿಬಿಟ್ಟು, “ಶುರು ಮಾಡಬಹುದು” ಎಂದರು. ಭಾವ ಎರಡೂ ಕೈಯನ್ನು ತೊಡೆಯ ಮೇಲೆ ಊರಿ ಮೇಲಕ್ಕೆ ಎದ್ದರು. ಮುಖ ಕೆಂಪಾಯಿತು, ಕತ್ತಿನ ನರ ಉಬ್ಬಿತು. ಅಕ್ಕ ಎದುರಿಗೆ ನಿಂತಿದ್ದಳು. “ಇನ್ನೊಂಚೂರು, ಇನ್ನೊಂಚೂರು ರೀ” ಎನ್ನುತ್ತಿದ್ದಳು. ಭಾವ ಮೂರು ಸಲ ಪ್ರಯತ್ನಿಸಿದರು. ನಾಲ್ಕನೆಯ ಸಲ, “ಇಷ್ಟೇ ಕಣೇ ಆಗೋದು” ಎಂದರು.

ಕಾಲು ಗಂಟೆಯಲ್ಲಿ ಇನ್ನೂ ಒಂಬತ್ತು ನಿಮಿಷ ಬಾಕಿಯಿತ್ತು. ಅಕ್ಕ ನೆಲದ ಮೇಲೆ ಕೂತುಕೊಂಡು ಆ ಒಂಬತ್ತು ನಿಮಿಷವೂ ಅವರ ಮುಖ ನೋಡಿದಳು.

“ಮೂವತ್ತೆಂಟು” ಎಂದರು ಅಳತೆ ಅಧಿಕಾರಿ. “ಅನುಮತಿ ಕೊಟ್ರೂ ಬದಲಾಗ್ಲಿಲ್ಲ! ನನ್ನ ಸರ್ವಿಸ್‌ನಲ್ಲೇ ಇಂಥ ಸ್ಥೈರ್ಯ ನೋಡಿಲ್ಲಮ್ಮ.” ಜವಾನರು ಚಪ್ಪಾಳೆ ತಟ್ಟಿದರು. ಭಾವ ಸಂಕೋಚದಿಂದ ನಕ್ಕು ನಮಸ್ಕಾರ ಮಾಡಿದರು. ನಾನು ನಮೂನೆಯಲ್ಲಿ ‘ವ್ಯತ್ಯಾಸ: ಇಲ್ಲ’ ಎಂದು ಬರೆದು ಅಕ್ಕನ ಮುಂದೆ ಇಟ್ಟೆ.

ವರ್ಷವಾದ ಮೇಲೆ ಮೊದಲ ಸಲ ಅವಳು ನನ್ನ ಜೊತೆ ಮಾತಾಡಿದಳು.

“ಎಲ್ಲಿ ಸಹಿ ಹಾಕ್ಬೇಕು?” ಎಂದು ಕೇಳಿದಳು. ನಾನು ಜಾಗ ತೋರಿಸಿದೆ.